ಗೊಬ್ಬರಕ್ಕಿಂತ ಮೊದಲು ದಾರಿ



ಮಳೆಗಾಲ ಹತ್ತಿರವಾಯಿತೆಂದರೆ ನಮ್ಮ ಸಂಘದ ಮಳಿಗೆಯಲ್ಲಿ ಕೇಳಿಬರುವ ಮಾತು ಒಂದೇ: ಗೊಬ್ಬರ ಎಷ್ಟು ಚೀಲ ಬಂದಿದೆ? ಕೇಳುವುದು ತಪ್ಪಲ್ಲ. ಆದರೆ ಬುಡಕ್ಕೆ ಹಾಕಿದ್ದು ಎಲೆಗೆ ಮುಟ್ಟುವ ದಾರಿ ಸರಿಯಿದೆಯೇ ಎಂದು ವಿಚಾರಿಸುವವರು ಕಡಿಮೆ. ದಾರಿ ಕೆಟ್ಟ ಗಿಡಕ್ಕೆ ಸುರಿದ ಗೊಬ್ಬರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗಿಡದೊಳಗೆ ಎರಡು ದಾರಿಗಳುಂಟು. ಬೇರು ಹೀರಿದ ನೀರು, ಅದರಲ್ಲಿ ಕರಗಿದ ಲವಣಗಳು ಕ್ಸೈಲಂ ಎಂಬ ನಾಳಗಳಲ್ಲಿ ಮೇಲೇರುತ್ತವೆ. ಇದಕ್ಕೆ ಪಂಪು ಬೇಡ. ಎಲೆಯಿಂದ ನೀರು ಆವಿಯಾದಂತೆಲ್ಲ ಕೆಳಗಿನ ನೀರು ಎಳೆದುಕೊಂಡು ಬರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಫ್ಲೋಯಂ ಎಂಬ ಇನ್ನೊಂದು ದಾರಿಯಲ್ಲಿ ಕಾಯಿಗೂ ಬೇರಿಗೂ ಹೋಗುತ್ತದೆ.

ಕಾಫಿಯಲ್ಲಿ ಫ್ಲೋಯಂ ತೊಗಟೆಯಲ್ಲಿದೆ, ಕ್ಸೈಲಂ ಕಟ್ಟಿಗೆಯಲ್ಲಿದೆ. ಸುತ್ತಲೂ ತೊಗಟೆ ಕಿತ್ತ ಮರ ಕೂಡಲೇ ಸಾಯದೆ, ಕೆಲಕಾಲ ಹಸಿರಾಗಿದ್ದು ಆಮೇಲೆ ಒಣಗುವುದು ಇದರಿಂದಲೇ. ನೀರು ಏರುತ್ತಿರುತ್ತದೆ, ಬೇರು ಮಾತ್ರ ಉಪವಾಸ. ಅರೇಬಿಕಾದ ಬಿಳಿ ಕಾಂಡಕೊರಕದ ಮರಿ ಮೊದಲು ತೊಗಟೆಯಡಿ ತಿಂದು, ಬಳಿಕ ಕಟ್ಟಿಗೆಯನ್ನು ಕೊರೆದು ಎರಡು ದಾರಿಗಳನ್ನೂ ಕಡಿಯುತ್ತದೆ.

ಅಡಿಕೆಯದು ಬೇರೆ ಕಥೆ. ದಬ್ಬೆ ಸೀಳಿದಾಗ ಕಾಣುವ ನಾರಿನ ಎಳೆಗಳೇ ಅದರ ನಾಳಗಳ ಕಂತೆಗಳು. ಕಾಫಿಯಂತೆ ಹೊಸ ಕಟ್ಟಿಗೆ, ತೊಗಟೆ ಕಟ್ಟುವ ಪದರ ಅಡಿಕೆಗಿಲ್ಲ. ನೈಋತ್ಯದ ಬಿಸಿಲಿಗೆ ಸುಟ್ಟು ಸೀಳಿದ ಕಾಂಡವಾಗಲಿ, ಕತ್ತಿಯ ಗಾಯವಾಗಲಿ ತುಂಬಿ ಬರುವುದಿಲ್ಲ. ಹಳದಿ ಎಲೆ ರೋಗದ ಸೂಕ್ಷ್ಮಜೀವಿ ಮನೆ ಮಾಡುವುದು ಫ್ಲೋಯಂನಲ್ಲಿಯೇ. ಅದನ್ನು ಗೊಬ್ಬರದಿಂದ ಹೊರದೂಡಲಾಗದು.

ದಾರಿಯ ಮೊದಲ ಬಾಗಿಲು ಬೇರು. ಬೇರಿಗೂ ಉಸಿರು ಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ನೀರಿನ ನಡುವೆ ನಿಂತೇ ಮರ ಬಾಯಾರುತ್ತದೆ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಉಸಿರಾಡುವ ಬೇರಿಗೆ ಹೇಳಿದ್ದು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಬಸಿಗಾಲುವೆ ಒಬ್ಬರ ತೋಟದಲ್ಲಿ ಮುಗಿಯುವುದಿಲ್ಲ. ಕೆಳಗಿನವರು ಬಾಯಿ ಮುಚ್ಚಿದರೆ ಮೇಲಿನವರ ತೋಟ ಕೆರೆ. ಮಳೆಗೆ ಮುನ್ನ ಆಯಾ ಕಣಿವೆಯವರು ಒಟ್ಟುಗೂಡಿ ಕೆಳಗಿನಿಂದ ಮೇಲಕ್ಕೆ ಹೂಳು ತೆಗೆಯಬೇಕು. ಹಾಗೆಯೇ ಏಪ್ರಿಲ್‌ಗೆ ಮೊದಲೊಮ್ಮೆ, ಅಕ್ಟೋಬರ್‌ಗೆ ಮೊದಲೊಮ್ಮೆ, ದುಂಬಿ ಹಾರುವ ಮುನ್ನ, ಕೊರಕ ಹಿಡಿದ ಗಿಡಗಳನ್ನು ಗುರುತಿಸಿ ಬೇರುಸಹಿತ ಕಿತ್ತು ಸುಡಬೇಕು.

ಆಳು ಸಿಗುವುದಿಲ್ಲ, ಫಸಲು ಕೊಡುವ ಗಿಡ ಕೀಳಲು ಮನಸ್ಸು ಬಾರದು ಎನ್ನುವಿರಿ. ಎರಡೂ ನಿಜ. ಆದರೆ ದುಂಬಿಗೆ ಬೇಲಿ ಗೊತ್ತಿಲ್ಲ. ಇಂದು ಉಳಿಸಿಕೊಂಡ ಒಂದು ಗಿಡ ನಾಳೆ ನೆರೆಯವರ ಹತ್ತು ಗಿಡಕ್ಕೆ ಮೃತ್ಯು. ಆಳಿನ ಅಭಾವಕ್ಕೆ ಮುಯ್ಯಾಳಿನ ಹಳೆಯ ಪದ್ಧತಿ ನಮ್ಮಲ್ಲಿ ಇದ್ದೇ ಇದೆ.

ಸಹಕಾರವೆಂದರೆ ಚೀಲ ಹಂಚಿಕೊಳ್ಳುವುದಷ್ಟೇ ಅಲ್ಲ. ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ಇಡುತ್ತೇವೆ. ತಮ್ಮ ಕಣಿವೆಯ ಕಾಲುವೆಯನ್ನು ಒಮ್ಮೆ ನೋಡಿಕೊಂಡು ಬನ್ನಿ.

— ಕಾರ್ಯದರ್ಶಿ