ಮಸಿ ನುಂಗುವ ಡಬ್ಬಿ

ಮಕ್ಕಳೇ, ಈ ವಾರದ ಪತ್ರ ಮೈಸೂರಿನಿಂದ ಬಂದಿದೆ. ಬರೆದವಳು ಆರನೇ ತರಗತಿಯ ಹುಡುಗಿ.

"ನಮ್ಮ ತಾತನ ಡೀಸೆಲ್ ಕಾರಿನಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿದೆ. ಒಂದು ಡಬ್ಬಿ, ಅದರೊಳಗೆ ಚುಕ್ಕಿಗಳು, ಹೀಗಿದೆ ಅದರ ಚಿತ್ರ. ತಾತ ಕಾರನ್ನು ಜಾಸ್ತಿ ಓಡಿಸುವುದೇ ಇಲ್ಲ. ನನ್ನನ್ನೂ ತಮ್ಮನನ್ನೂ ಶಾಲೆಗೆ ಬಿಡುತ್ತಾರೆ, ಸಂಜೆ ಕರೆದುಕೊಂಡು ಬರುತ್ತಾರೆ, ಅಷ್ಟೇ. ಕಡಿಮೆ ಓಡಿಸಿದರೂ ಕಾರು ಯಾಕೆ ಕೆಡುತ್ತದೆ? ಗ್ಯಾರೇಜಿನವರು ಆ ಡಬ್ಬಿಯನ್ನೇ ತೆಗೆಸಿಬಿಡಿ ಅಂದರಂತೆ. ತೆಗೆಸಬಹುದಾ?"

ಇದರಲ್ಲಿ ಎರಡು ಪ್ರಶ್ನೆಗಳಿವೆ. ಎರಡನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ತೆಗೆಸಬಾರದು. ಯಾಕೆ ಅನ್ನುವುದನ್ನು ಆಮೇಲೆ ನೋಡೋಣ. ಮೊದಲ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ಅಡುಗೆಮನೆಗೆ ಹೋಗಬೇಕು.

ನಿಮ್ಮ ಅಜ್ಜಿಯನ್ನು ಕೇಳಿ. ಸೌದೆ ಒಲೆಯ ಕಾಲದಲ್ಲಿ ಪಾತ್ರೆಯ ತಳವೆಲ್ಲ ಕಪ್ಪಾಗುತ್ತಿತ್ತು. ಅದೇ ಮಸಿ. ಸೌದೆಯಲ್ಲಿರುವ ಇಂಗಾಲ ಪೂರ್ತಿ ಉರಿದುಹೋಗದೆ ಉಳಿದರೆ ಮಸಿಯಾಗುತ್ತದೆ. ಹಸಿ ಸೌದೆ ಹಾಕಿದರೆ, ಗಾಳಿ ಸಾಲದಿದ್ದರೆ ಮಸಿ ಜಾಸ್ತಿ. ಒಣ ಸೌದೆ ಧಗಧಗ ಉರಿದರೆ ಮಸಿ ಕಡಿಮೆ.

ಅಜ್ಜಿಯನ್ನು ಇನ್ನೊಂದು ವಿಷಯವನ್ನೂ ಕೇಳಿ. ರೊಟ್ಟಿ ಸುಟ್ಟು ಮುಗಿಸಿ ಕಾದ ಹಂಚನ್ನು ಒಲೆಯಿಂದ ಇಳಿಸಿದಾಗ, ಅದರ ತಳದ ಮಸಿಯಲ್ಲಿ ಸಣ್ಣ ಸಣ್ಣ ಕಿಡಿಗಳು ನಕ್ಷತ್ರಗಳ ಹಾಗೆ ಹರಿದಾಡುವುದನ್ನು ಅವರು ನೋಡಿರಬಹುದು. ಏನದು? ಮಸಿಯೇ ಉರಿಯುವುದು. ಮಸಿ ಅಂದರೆ ಉರಿಯದೆ ಉಳಿದ ಇಂಗಾಲ ತಾನೇ? ಸಾಕಷ್ಟು ಕಾವು, ಸಾಕಷ್ಟು ಗಾಳಿ ಸಿಕ್ಕಿದರೆ ಅದೂ ಉರಿದು ಗಾಳಿಯಲ್ಲಿ ಸೇರಿಹೋಗುತ್ತದೆ. ಕಿಡಿ ಹರಿದ ಜಾಗದಲ್ಲಿ ಮಸಿ ಇರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ತಾತನ ಕಾರಿನ ಕತೆಯೆಲ್ಲ ಇದರಲ್ಲೇ ಇದೆ.

ಡೀಸೆಲ್ ಎಂಜಿನ್ನೂ ಒಂದು ಒಲೆಯೇ. ಅದರಲ್ಲಿಯೂ ಮಸಿ ಹುಟ್ಟುತ್ತದೆ. ಹಿಂದೆ ಲಾರಿಗಳು ಏರು ಹತ್ತುವಾಗ ಕರಿ ಹೊಗೆ ಕಾರುತ್ತಿದ್ದುದನ್ನು ದೊಡ್ಡವರು ಕಂಡಿದ್ದಾರೆ. ಕಣ್ಣಿಗೆ ಕಾಣುವ ಕರಿ ಹೊಗೆ ಕೆಟ್ಟದ್ದೇ. ಆದರೆ ಕಣ್ಣಿಗೆ ಕಾಣದ ಮಸಿಕಣ ಇನ್ನೂ ಕೆಟ್ಟದ್ದು. ಅದು ಎಷ್ಟು ಚಿಕ್ಕದೆಂದರೆ, ನಿಮ್ಮ ಒಂದು ತಲೆಗೂದಲಿನ ಅಗಲದಲ್ಲಿ ಅಂಥ ನೂರಾರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಮೂಗಿನ ಕೂದಲು ಅದನ್ನು ತಡೆಯಲಾರದು. ಅದು ನೇರವಾಗಿ ಶ್ವಾಸಕೋಶದ ತುದಿಯವರೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಅದಕ್ಕಾಗಿಯೇ ಈ ಡಬ್ಬಿ. ಇದರ ಹೆಸರು ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ಚಿಕ್ಕದಾಗಿ ಡಿಪಿಎಫ್ ಅನ್ನುತ್ತಾರೆ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತು. ಬಿಎಸ್ 4 ಆದ ಮೇಲೆ 5ನ್ನು ಬಿಟ್ಟು ನೇರವಾಗಿ 6ಕ್ಕೆ ಹಾರಿದೆವು. ಬಿಎಸ್ 4ರ ಡೀಸೆಲ್ ಕಾರು ಒಂದು ಕಿಲೋಮೀಟರ್ ಓಡಿದರೆ 25 ಮಿಲಿಗ್ರಾಂವರೆಗೆ ಕಣಗಳನ್ನು ಉಗುಳಬಹುದಿತ್ತು. ಬಿಎಸ್ 6ರಲ್ಲಿ ಅದು 4.5 ಮಿಲಿಗ್ರಾಂ ಮಾತ್ರ. ಒಂದು ಅಕ್ಕಿಕಾಳಿನ ತೂಕ ಸುಮಾರು 20 ಮಿಲಿಗ್ರಾಂ. ಅಂದರೆ, ಕಿಲೋಮೀಟರಿಗೆ ಒಂದು ಅಕ್ಕಿಕಾಳಿಗಿಂತ ಸ್ವಲ್ಪ ಹೆಚ್ಚಿದ್ದದ್ದು ಈಗ ಕಾಲು ಕಾಳಿಗಿಂತಲೂ ಕಡಿಮೆ. ಫಿಲ್ಟರ್ ಇಲ್ಲದೆ ಡೀಸೆಲ್ ಕಾರು ಈ ಲೆಕ್ಕಕ್ಕೆ ಬರುವುದು ಬಹಳ ಕಷ್ಟ.

ಡಬ್ಬಿಯ ಒಳಗೆ ಏನಿದೆ? ಪಿಂಗಾಣಿಯಂಥ ವಸ್ತುವಿನ ಒಂದು ಜೇನುಗೂಡು. ಎಳನೀರು ಕುಡಿಯುವ ಸ್ಟ್ರಾಗಳನ್ನು ನೂರಾರು ಸಂಖ್ಯೆಯಲ್ಲಿ ಒತ್ತಾಗಿ ಕಟ್ಟಿದ್ದೀರಿ ಅಂದುಕೊಳ್ಳಿ. ಮೊದಲನೆಯ ಸ್ಟ್ರಾದ ಹಿಂಬದಿ ಮುಚ್ಚಿ, ಪಕ್ಕದ್ದರ ಮುಂಬದಿ ಮುಚ್ಚಿ, ಹೀಗೇ ಒಂದು ಬಿಟ್ಟು ಒಂದು. ಈಗ ಮುಂದಿನಿಂದ ಬಂದ ಹೊಗೆ ಒಂದು ಕೊಳವೆಯೊಳಗೆ ನುಗ್ಗುತ್ತದೆ. ಮುಂದೆ ದಾರಿ ಇಲ್ಲ. ಹೊರಗೆ ಬರಬೇಕಾದರೆ ಪಕ್ಕದ ಗೋಡೆಯ ಸಣ್ಣ ರಂಧ್ರಗಳಲ್ಲಿ ತೂರಿಕೊಂಡೇ ಬರಬೇಕು. ಗಾಳಿ ತೂರುತ್ತದೆ, ಮಸಿ ಗೋಡೆಗೇ ಅಂಟಿಕೊಳ್ಳುತ್ತದೆ. ಕಾಫಿ ಶೋಧಿಸುವ ಫಿಲ್ಟರಿನ ಹಾಗೆಯೇ.

ಕಾಫಿ ಫಿಲ್ಟರನ್ನು ದಿನವೂ ಬಿಚ್ಚಿ ತೊಳೆಯುತ್ತೇವೆ. ಕಾರಿನ ಡಬ್ಬಿಯನ್ನು ಹಾಗೆ ದಿನಾ ಬಿಚ್ಚಲು ಆಗುವುದಿಲ್ಲ. ಅದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳಬೇಕು. ಹೇಗೆ? ಅಜ್ಜಿಯ ರೊಟ್ಟಿ ಹಂಚಿನ ಹಾಗೆ! ಮಸಿಯನ್ನು ಸುಟ್ಟು.

ಕಾರು ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಹೊಗೆ ಚೆನ್ನಾಗಿ ಬಿಸಿಯಾಗುತ್ತದೆ, ಮಸಿ ನಿಧಾನವಾಗಿ ತಾನಾಗಿಯೇ ಕರಗುತ್ತಾ ಹೋಗುತ್ತದೆ. ಅದು ಸಾಲದೆ ಮಸಿ ಹೆಚ್ಚಾದರೆ ಕಾರಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆಗ ಅದು ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಡಬ್ಬಿಯ ಕಾವನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿಸುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ ಅಂದಮೇಲೆ ಇದೆಷ್ಟು ಕಾವು, ನೀವೇ ಯೋಚಿಸಿ. ಹತ್ತು ಇಪ್ಪತ್ತು ನಿಮಿಷ ಆ ಕಾವು ನಿಂತರೆ ಮಸಿ ಸುಟ್ಟುಹೋಗಿ ಡಬ್ಬಿ ಮತ್ತೆ ಖಾಲಿ.

ಈಗ ತಾತನ ಕಾರಿಗೆ ಬರೋಣ. ಶಾಲೆ ಎರಡು ಕಿಲೋಮೀಟರ್ ದೂರ ಅಂದುಕೊಳ್ಳೋಣ. ಹೋಗಲು ಎಂಟು ನಿಮಿಷ. ಬೆಳಿಗ್ಗೆ ಹೋಗಿ ಬಂದು, ಸಂಜೆ ಹೋಗಿ ಬಂದು, ಒಟ್ಟು ನಾಲ್ಕು ಸಲ. ಎಂಟು ನಾಲ್ಕಲೆ ಮೂವತ್ತೆರಡು. ಮೂವತ್ತೆರಡು ನಿಮಿಷ ಓಡಿತಲ್ಲ, ಸಾಕಲ್ಲವೇ ಅಂತ ನೀವು ಕೇಳಬಹುದು. ಸಾಲದು. ಕುಕ್ಕರನ್ನು ಒಲೆಯ ಮೇಲಿಟ್ಟು, ಕೂಗುವ ಮೊದಲೇ ಇಳಿಸಿ, ಆರಿದ ಮೇಲೆ ಮತ್ತೆ ಇಟ್ಟು, ಮತ್ತೆ ಕೂಗುವ ಮೊದಲೇ ಇಳಿಸಿ, ಹೀಗೆ ನಾಲ್ಕು ಸಲ ಮಾಡಿದರೆ ಬೇಳೆ ಬೇಯುತ್ತದೆಯೇ? ಗ್ಯಾಸು ಖರ್ಚಾಗುತ್ತದೆ, ಬೇಳೆ ಹಾಗೇ ಇರುತ್ತದೆ. ತಾತನ ಎಂಜಿನ್ನು ಬಿಸಿಯಾಗುವ ಹೊತ್ತಿಗೆ ಶಾಲೆಯ ಗೇಟು ಬಂದಿರುತ್ತದೆ. ತಣ್ಣಗಿರುವ ಎಂಜಿನ್ನು ಮಸಿಯನ್ನು ಮಾತ್ರ ಚೆನ್ನಾಗಿ ಮಾಡುತ್ತದೆ, ಸುಡುವುದಿಲ್ಲ. ದಿನವೂ ಮಸಿ ಒಳಕ್ಕೆ, ಸುಡುವುದು ಎಂದೂ ಇಲ್ಲ. ಕಡಿಮೆ ಓಡಿಸಿದ್ದರಿಂದಲೇ ದೀಪ ಹತ್ತಿತು, ತಿಳಿಯಿತೇ?

ಇನ್ನು ಮುಂದಿನ ಮಾತು ತಾತಂದಿರಿಗೆ, ಅಜ್ಜಿಯರಿಗೆ. ಮಕ್ಕಳೇ, ನೀವು ಜೋರಾಗಿ ಓದಿ ಹೇಳಿ.

ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಕಾರನ್ನು ಊರಾಚೆ ತೆಗೆದುಕೊಂಡು ಹೋಗಿ. ಮೈಸೂರಿನವರಿಗೆ ನಂಜನಗೂಡು ಸುಮಾರು 25 ಕಿಲೋಮೀಟರು. ದೇವರ ದರ್ಶನವೂ ಆಯಿತು, ಡಬ್ಬಿಯೂ ಶುಚಿಯಾಯಿತು. ರಸ್ತೆ ಖಾಲಿ ಇರುವ ಹೊತ್ತಿನಲ್ಲಿ 60, 70 ಕಿಲೋಮೀಟರ್ ವೇಗದಲ್ಲಿ, ಎಂಜಿನ್ನಿನ ಮುಳ್ಳು 2000ದ ಮೇಲಿರುವಂತೆ ಒಂದು ಗೇರು ಕೆಳಗೇ ಇಟ್ಟುಕೊಂಡು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಮನೆಯ ಮುಂದೆ ನಿಲ್ಲಿಸಿ ಎಂಜಿನ್ ಓಡಿಸಿದರೆ ಸಾಕೆಂದು ಕೆಲವರು ತಿಳಿದಿದ್ದಾರೆ. ಅದರಿಂದ ಉಪಯೋಗವಿಲ್ಲ. ನಿಂತ ಕಾರಿನ ಹೊಗೆಗೆ ಅಷ್ಟು ಕಾವಿರುವುದಿಲ್ಲ, ಮಸಿ ಇನ್ನಷ್ಟು ಸೇರುತ್ತದೆ.

ಮಸಿ ಸುಡುವಾಗ ಕೆಲವು ಕುರುಹು ಕಾಣುತ್ತವೆ. ನಿಂತಾಗಲೂ ಎಂಜಿನ್ನಿನ ಸದ್ದು ಸ್ವಲ್ಪ ಏರಿರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಬಿಸಿ ವಾಸನೆ ಬರುತ್ತದೆ. ಆಗ ಮನೆ ಬಂತೆಂದು ಕೂಡಲೇ ಆರಿಸಬೇಡಿ. ಇನ್ನೊಂದು ಸುತ್ತು ಹೋಗಿ ಬನ್ನಿ. ಮಧ್ಯದಲ್ಲೇ ಆರಿಸುತ್ತಾ ಬಂದರೆ, ಮಸಿ ಸುಡಲೆಂದು ಬಿಟ್ಟ ಡೀಸೆಲ್ಲಿನಲ್ಲಿ ಒಂದಿಷ್ಟು ಎಂಜಿನ್ ಆಯಿಲ್ಲಿಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ತಿಂಗಳಿಗೊಮ್ಮೆ ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿ. ಆಯಿಲ್ ಇಳಿಯುವ ಬದಲು ಏರಿದ್ದರೆ ಬದಲಾಯಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ. ಹೊಸ ಆಯಿಲ್ಲು ಕೈಪಿಡಿಯಲ್ಲಿ ಹೇಳಿದ್ದೇ ಆಗಿರಲಿ. ಯಾಕೆಂದರೆ ಆಯಿಲ್ಲಿನಿಂದ ಬರುವ ಬೂದಿ ಸುಡುವುದಿಲ್ಲ. ಒಲೆಯಲ್ಲಿ ಬೂದಿ ಉಳಿಯುವಂತೆ ಡಬ್ಬಿಯಲ್ಲಿಯೇ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ, ತರಗೆಲೆಯ ಮೇಲೆ ಕಾರು ನಿಲ್ಲಿಸಬೇಡಿ. ಕೆಳಗಿನ ಡಬ್ಬಿ ಬೆಂಕಿಯಷ್ಟೇ ಬಿಸಿ.

ಹಳದಿ ದೀಪ ಹತ್ತಿದ್ದರೆ ಭಯ ಬೇಡ, ಅಂದೇ ಅಥವಾ ಮರುದಿನವೇ ಒಂದು ಉದ್ದದ ಸುತ್ತು ಹೊಡೆಯಿರಿ. ಸಾಮಾನ್ಯವಾಗಿ ಆರುತ್ತದೆ. ಆರದಿದ್ದರೆ, ಅಥವಾ ಎಂಜಿನ್ ದೀಪವೂ ಹತ್ತಿ ಕಾರಿನ ಶಕ್ತಿ ಕುಂದಿದರೆ, ಓಡಿಸುತ್ತಾ ಕೂರದೆ ಸರ್ವಿಸ್ ಸೆಂಟರಿಗೆ ಕೊಂಡೊಯ್ಯಿರಿ. ಅಲ್ಲಿ ಕಂಪ್ಯೂಟರ್ ಜೋಡಿಸಿ ಮಸಿ ಸುಡಿಸುತ್ತಾರೆ. ಅದನ್ನೂ ಮೀರಿ ಬಿಟ್ಟರೆ ಡಬ್ಬಿಯನ್ನೇ ಬದಲಾಯಿಸಬೇಕಾಗಬಹುದು, ಅದು ದುಬಾರಿ.

ದುಬಾರಿ ಅನ್ನುವುದಕ್ಕೇ ಕೆಲವರು ಡಬ್ಬಿ ಒಡೆದು ಒಳಗಿನ ಜೇನುಗೂಡನ್ನು ತೆಗೆದುಹಾಕುವ ಸಲಹೆ ಕೊಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಾಹನವನ್ನು ಹಾಗೆ ಮನಬಂದಂತೆ ಮಾರ್ಪಡಿಸುವಂತಿಲ್ಲ. ಕಾನೂನಿನ ಮಾತು ಹಾಗಿರಲಿ. ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಒಂದು ಸಲ ನಿಂತು ನೋಡಿ. ಕಾರುಗಳು ಸಾಲಾಗಿ ನಿಂತಿರುತ್ತವೆ, ಎಂಜಿನ್ನು ಓಡುತ್ತಿರುತ್ತದೆ. ಹೊಗೆ ಕೊಳವೆ ಇರುವುದು ನೆಲದಿಂದ ಒಂದಡಿ ಎತ್ತರದಲ್ಲಿ. ಒಂದನೇ ತರಗತಿಯ ಮಗುವಿನ ಮೂಗು ದೊಡ್ಡವರ ಮೂಗಿಗಿಂತ ಎಷ್ಟು ಹತ್ತಿರ! ಡಬ್ಬಿ ಹಿಡಿದಿಟ್ಟುಕೊಳ್ಳುವ ಮಸಿ, ಡಬ್ಬಿ ಇಲ್ಲದಿದ್ದರೆ ಹೋಗುವುದು ಅಲ್ಲಿಗೇ. ಮೊಮ್ಮಕ್ಕಳನ್ನು ಜೋಪಾನವಾಗಿ ಶಾಲೆಗೆ ಬಿಡಲೆಂದು ಇರುವ ಕಾರು ಅದೇ ಮೊಮ್ಮಕ್ಕಳ ಎದೆಗೆ ಮಸಿ ತುಂಬಬಾರದು. ಅದಕ್ಕೇ ನಾನು ತೆಗೆಸಬಾರದು ಅಂದದ್ದು.

ಎಲ್ಲಕ್ಕಿಂತ ಸುಲಭದ ಉಪಾಯ ಒಂದಿದೆ. ಎರಡು ಕಿಲೋಮೀಟರಿಗೆ ಡೀಸೆಲ್ ಕಾರು ಬೇಕೇ? ವಾರದಲ್ಲಿ ಎರಡು ಮೂರು ದಿನವಾದರೂ ನಡೆದುಕೊಂಡೋ ಸೈಕಲ್ಲಿನಲ್ಲೋ ಹೋಗಲು ಆಗುವುದೇ ನೋಡಿ. ತಾತನಿಗೂ ನಡಿಗೆ ಆಯಿತು. ಮನೆಗೆ ಹೊಸ ಕಾರು ಕೊಳ್ಳುವ ಮಾತು ಬಂದಾಗ, ಓಡಾಟವೆಲ್ಲ ಊರೊಳಗೇ ಆದರೆ ಡೀಸೆಲ್ ಬೇಡವೆಂದು ನೀವೇ ಹೇಳಬಹುದು.

ಈ ವಾರದ ಕೆಲಸ: ಒಂದು ಪುಸ್ತಕದಲ್ಲಿ ಏಳು ದಿನ ನಿಮ್ಮ ಮನೆಯ ಕಾರಿನ ಲೆಕ್ಕ ಬರೆಯಿರಿ. ಎಷ್ಟು ಗಂಟೆಗೆ ಹೊರಟಿತು, ಎಷ್ಟು ನಿಮಿಷ ಓಡಿತು, ಎಷ್ಟು ದೂರ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಓಡಿದ ದಿನಕ್ಕೆ ಒಂದು ನಕ್ಷತ್ರ ಹಾಕಿ. ಕಾರಿಲ್ಲದವರು ಶಾಲೆಯ ಗೇಟಿನಲ್ಲಿ ಎಂಜಿನ್ ಆರಿಸದೆ ನಿಂತ ವಾಹನಗಳನ್ನು ಐದು ನಿಮಿಷ ಎಣಿಸಿ. ಎಣಿಸಿದ್ದನ್ನು ನನಗೆ ಬರೆದು ಕಳಿಸಿ. ಡೀಸೆಲ್ ಕಾರಿದ್ದು, ವಾರದಲ್ಲಿ ಒಂದೂ ನಕ್ಷತ್ರ ಬೀಳದಿದ್ದರೆ, ಮುಂದಿನ ಭಾನುವಾರ ಎಲ್ಲಿಗೆ ಹೋಗೋಣವೆಂದು ತಾತನನ್ನು ಕೇಳಲು ನಿಮಗೆ ಒಳ್ಳೆಯ ಕಾರಣ ಸಿಕ್ಕಿತು!