ವಿಳಾಸ ಕಳೆದುಕೊಂಡ ಕಲ್ಲು

2025ರ ಜುಲೈ 16ರಂದು ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಮಂಗಳ ಗ್ರಹದ ಒಂದು ತುಂಡು, ಶುಲ್ಕವೂ ಸೇರಿ, 53 ಲಕ್ಷ ಡಾಲರಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 45 ಕೋಟಿ ರೂಪಾಯಿ. 24 ಕಿಲೋ ದಾಟಿದ ಆ ಕಲ್ಲು 2023ರ ನವೆಂಬರಿನಲ್ಲಿ ಆಫ್ರಿಕಾದ ನೈಜರ್ ದೇಶದ ಅಗಾದೆಜ್ ಪ್ರಾಂತದ ಮರಳುಗಾಡಿನಲ್ಲಿ ಸಿಕ್ಕಿತ್ತು. ಹರಾಜಾದ ಮೇಲೆ ನೈಜರ್ ಸರ್ಕಾರ ಎಚ್ಚೆತ್ತಿತು. ಕಲ್ಲು ಗಡಿ ದಾಟಿದ್ದು ಹೇಗೆಂದು ತನಿಖೆಗೆ ಆದೇಶಿಸಿತು, ಅಮೂಲ್ಯ ಕಲ್ಲು ಮತ್ತು ಉಲ್ಕಾಶಿಲೆಗಳ ರಫ್ತನ್ನೂ ತಡೆಹಿಡಿಯಿತು. ಮರಳಿನಲ್ಲಿ ಅದನ್ನು ಮೊದಲು ಕಂಡವನ ಕೈಗೆ ಬಂದದ್ದೆಷ್ಟು ಎಂಬುದು ಹರಾಜಿನ ಸುದ್ದಿಗಳಲ್ಲಿ ಮುಖ್ಯ ಮಾತೇ ಆಗಲಿಲ್ಲ.

ಆಕಾಶದಿಂದ ಬಿದ್ದದ್ದು ಯಾರದು? ಅದನ್ನು ಕೂಡಿಡಬಹುದೆ, ಮಾರಬಹುದೆ? ಕೊಪ್ಪಳದಲ್ಲಿ ಕುಳಿತು ಕೇಳಿಕೊಂಡರೆ ಈ ಪ್ರಶ್ನೆ ದೂರದ್ದಲ್ಲ. ಉಲ್ಕೆ ಬೀಳುವಾಗ ದೇಶ, ತಾಲ್ಲೂಕು ನೋಡುವುದಿಲ್ಲ. ಆದರೆ ಬಿದ್ದ ಕಲ್ಲು ಮನುಷ್ಯರ ಕಣ್ಣಿಗೆ ಬೀಳುವುದು ನೆಲದ ಗುಣವನ್ನು ಅವಲಂಬಿಸಿದೆ. ಯಲಬುರ್ಗಾದ ಎರೆ ಹೊಲದಲ್ಲಿ ಗೇಣುಗಟ್ಟಲೆ ಅಗೆದರೂ ಕಲ್ಲು ಸಿಗದ ಕಡೆಗಳಿವೆ. ಅಲ್ಲಿ ಕುಂಟೆಗೆ ಒಂದು ಭಾರದ ಕಲ್ಲು ತಗುಲಿದರೆ ರೈತ ನಿಂತು ನೋಡುತ್ತಾನೆ. ಕುಷ್ಟಗಿಯ ಮಸಾರಿ ನೆಲದಲ್ಲಿ ನೂರು ಕಲ್ಲುಗಳ ನಡುವೆ ಅದು ನೂರೊಂದನೆಯದು. ಗಂಗಾವತಿಯ ಭತ್ತದ ಗದ್ದೆಯ ಕೆಸರಿನಲ್ಲಿ ಉಲ್ಕೆಯೊಳಗಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸಹಾರಾದ ಒಣ ಮರಳಿನಲ್ಲಿ ಸಾವಿರಾರು ವರ್ಷ ಕೆಡದೆ ಉಳಿಯುವ ಕಲ್ಲಿಗೆ ನಮ್ಮ ಮಳೆ, ಕಾಲುವೆಯ ನೀರು ಅಷ್ಟು ಕಾಲ ಕೊಡುವುದಿಲ್ಲ.

ಜೊತೆಗೆ ನಮ್ಮ ನೆಲದಲ್ಲಿ ಉಲ್ಕೆಯಂತೆ ಕಾಣುವ, ಉಲ್ಕೆಯಲ್ಲದ ವಸ್ತುಗಳು ಬಹಳ. ಸುತ್ತಲಿನ ಕರಿಕಲ್ಲು, ಅಂದರೆ ಡೊಲೆರೈಟ್, ಕಪ್ಪಗಿದೆ, ತೂಕವಿದೆ, ಅಯಸ್ಕಾಂತಕ್ಕೆ ತುಸು ಅಂಟುತ್ತದೆ. ಸಂಡೂರು ಸೀಮೆಯ ಅದಿರು ಇನ್ನೂ ಭಾರ. ಹಿಂದೆ ಕಬ್ಬಿಣ ಕಾಸಿದ ಜಾಗಗಳಲ್ಲಿ ಕಿಟ್ಟದ ಗಟ್ಟಿಗಳು ಸಿಗುತ್ತವೆ; ಇಂದಿನ ಉಕ್ಕಿನ ಕಾರ್ಖಾನೆಗಳಿಂದ ಹೊರಬೀಳುವ ಕಿಟ್ಟದಲ್ಲೂ ಹಸಿರು, ನೀಲಿ ಗಾಜಿನಂಥ ತುಂಡುಗಳಿರುತ್ತವೆ. ಗುಳ್ಳೆ ಗುಳ್ಳೆಯಾಗಿ ಹಗುರವಾದ ಕಲ್ಲು ಸಾಮಾನ್ಯವಾಗಿ ಉಲ್ಕೆಯಲ್ಲ. ಹೊಸದಾಗಿ ಬಿದ್ದ ಉಲ್ಕೆಗೆ ಒಂದು ಮಿಲಿಮೀಟರಿನಷ್ಟು ತೆಳುವಾದ, ಸುಟ್ಟ ಕಪ್ಪು ಸಿಪ್ಪೆ ಇರುತ್ತದೆ. ಒಡೆದ ಕಡೆ ಒಳಮೈ ಬಹುಮಟ್ಟಿಗೆ ಬೂದು ಬಣ್ಣದ್ದು, ಹಲವು ಬಾರಿ ಲೋಹದ ಚುಕ್ಕೆಗಳು ಹೊಳೆಯುತ್ತವೆ.

ಕರಗಿ ಗಾಜಾದ ಕಲ್ಲಿನ ಬಗ್ಗೆ ಈ ಸೀಮೆಗೆ ತನ್ನದೇ ಒಂದು ದೊಡ್ಡ ಪಾಠವಿದೆ. ಬಳ್ಳಾರಿ, ರಾಯಚೂರು ಸುತ್ತಿನ ಬೂದಿಗುಡ್ಡಗಳಲ್ಲಿ ಬೂದು-ಹಸಿರು ಛಾಯೆಯ, ಗುಳ್ಳೆಗಟ್ಟಿದ, ಗಾಜಿನಂತೆ ಒಡೆಯುವ ಗಟ್ಟಿಗಳಿವೆ. ಕುಡತಿನಿಯದು ಇವುಗಳಲ್ಲಿ ಹೆಸರಾದದ್ದು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗವೆಂದು ತೋರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೇನಾಧಿಕಾರಿ ನ್ಯೂಬೋಲ್ಡ್ ಇವುಗಳನ್ನು ಕಂಡು ಬರೆದ ಮೇಲೆ ಜ್ವಾಲಾಮುಖಿಯ ಕೆಲಸವಿರಬಹುದೆ, ಕಬ್ಬಿಣ ಕಾಸಿದ ಕಿಟ್ಟವೆ, ಇಟ್ಟಿಗೆ ಗೂಡುಗಳೆ ಎಂಬ ಚರ್ಚೆ ದೀರ್ಘಕಾಲ ನಡೆಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂದು ವಾದಿಸಿದರು. ಮುಂದೆ ವಿಜ್ಞಾನಿ ಝಾಯ್ನರ್ ಅವರ ಪ್ರಯೋಗಾಲಯದ ಪರೀಕ್ಷೆ, 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ನಡೆಸಿದ ಉತ್ಖನನ ಇದನ್ನು ಗಟ್ಟಿಗೊಳಿಸಿದವು. ಉಟ್ನೂರಿನ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಹುಲ್ಲಿನಲ್ಲಿರುವ ಸಿಲಿಕಾ, ಬೂದಿಯಲ್ಲಿರುವ ಕ್ಷಾರ, ಮೇಲೆ ದೊಡ್ಡ ಬೆಂಕಿ: ಇಷ್ಟು ಕೂಡಿದರೆ ಸಗಣಿಯೂ ಗಾಜಾಗುತ್ತದೆ.

ಈ ಗಟ್ಟಿಯ ಒಂದು ತುಂಡನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟರೆ ‘ಉಲ್ಕೆ ಬಡಿದು ಕರಗಿದ ಗಾಜು’ ಎಂದು ಮಾರುವುದು ಕಷ್ಟವಲ್ಲ. ಕೊಂಡವನಿಗೂ ಕಣ್ಣಿನಿಂದ ಗೊತ್ತಾಗಲಿಕ್ಕಿಲ್ಲ. ಅವನಿಗಾದ ಹಣದ ನಷ್ಟ ಸಣ್ಣದು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ದನ ಕಟ್ಟಿದ ಜನರ ಕುರುಹು ಹೆಸರಿಲ್ಲದ ಚೂರಾಗುವುದು ದೊಡ್ಡ ನಷ್ಟ. ದಿಬ್ಬದಲ್ಲಿ ಆ ಗಟ್ಟಿ ಯಾವ ಪದರದಲ್ಲಿತ್ತು, ಅದರ ಮೇಲೇನಿತ್ತು, ಕೆಳಗೇನಿತ್ತು ಎಂಬುದರಿಂದಲೇ ವಿದ್ವಾಂಸರು ಕಥೆ ಕಟ್ಟಿದ್ದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ನಿಧಿಯ ಆಸೆಗೆ ಅಲ್ಲಿ ಅಗೆದು ಉರುಳಿಸಿದ ಚಪ್ಪಡಿಗಳನ್ನು ಎತ್ತಿ ನಿಲ್ಲಿಸಬಹುದು, ಅಡಿಯಲ್ಲಿ ಕದಡಿದ ಮಣ್ಣನ್ನು ಮೊದಲಿನ ಹಾಗೆ ಜೋಡಿಸಲಾಗದು.

ನಾನು ಹೇಳಬೇಕೆಂದಿರುವುದು ಇದೇ. ಆಕಾಶದ ಕಲ್ಲಾಗಲಿ, ಕರಗಿದ ಗಾಜಾಗಲಿ, ಅದರ ಬೆಲೆಯ ಬಹುಪಾಲು ಅದರ ವಿಳಾಸದಲ್ಲಿದೆ. ಎಲ್ಲಿ ಬಿತ್ತು, ಯಾವಾಗ ಬಿತ್ತು, ಯಾವ ದಿಕ್ಕಿನಿಂದ ಬಂತು, ಯಾರು ಕಂಡರು, ಎಷ್ಟು ಹೊತ್ತಿನಲ್ಲಿ ಎತ್ತಿಟ್ಟರು. ಇಷ್ಟನ್ನು ಕಳೆದುಕೊಂಡ ಕಲ್ಲನ್ನು ಎಷ್ಟು ಕೋಟಿಗೆ ಮಾರಿದರೂ ಮಾರಿದ್ದು ಅರ್ಧವನ್ನು ಮಾತ್ರ.

ಲೋಣಾರದ ಉದಾಹರಣೆ ನೋಡಿ. ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಈ ಕುಳಿ ಸುಮಾರು 1.8 ಕಿಲೋಮೀಟರ್ ಅಗಲ, ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಉಲ್ಕೆ ಬಡಿದು ಆದದ್ದು. ಚಂದ್ರ, ಮಂಗಳದ ಹಲವು ಕುಳಿಗಳೂ ಇಂಥದೇ ಕಲ್ಲಿನಲ್ಲಿವೆಯಾದ್ದರಿಂದ ಜಗತ್ತಿನ ವಿಜ್ಞಾನಿಗಳಿಗೆ ಲೋಣಾರ ಬೇಕು. ಅದರ ವಯಸ್ಸು ಸುಮಾರು 50,000 ವರ್ಷ ಎಂದು ಬಹುಕಾಲ ಹೇಳಲಾಗುತ್ತಿತ್ತು. 2011ರಲ್ಲಿ ಪ್ರಕಟವಾದ ಆರ್ಗಾನ್ ವಿಧಾನದ ಅಧ್ಯಯನ ಅದನ್ನು 5,70,000 ವರ್ಷದ ಹತ್ತಿರಕ್ಕೆ ಒಯ್ದಿತು. ಈ ಕೆಲಸ ಆದದ್ದು ಬಡಿತದ ಕಾವಿಗೆ ಕರಗಿ ಹೆಪ್ಪುಗಟ್ಟಿದ ಕಲ್ಲುಗಳಿಂದ. ಕುಳಿಯ ಅಂಚಿನಿಂದ ಆಯ್ದ ಇಂಥ ಗಾಜು ಯಾರದೋ ಗಾಜಿನ ಕಪಾಟು ಸೇರಿದರೆ ಮುಂದಿನ ಅಧ್ಯಯನಕ್ಕೆ ಉಳಿಯುವುದು ಕಡಿಮೆ. ಯುರೋಪಿನ ಹಸಿರು ಗಾಜು ಮೋಲ್ಡವೈಟ್ ಜರ್ಮನಿಯ ರೀಸ್ ಕುಳಿಯ ಬಡಿತದಿಂದ, ಒಂದೂವರೆ ಕೋಟಿ ವರ್ಷದ ಹಿಂದೆ, ಚಿಮ್ಮಿ ಝೆಕ್ ನೆಲದಲ್ಲಿ ಬಿದ್ದದ್ದು. ಅದಕ್ಕೆ ಅತೀಂದ್ರಿಯ ಶಕ್ತಿ ಇದೆಯೆಂಬ ಪ್ರಚಾರ ಹಬ್ಬಿ ಬೆಲೆ ಏರಿತು, ಹಸಿರು ಬಾಟಲಿಯ ಗಾಜನ್ನು ಕರಗಿಸಿ ಮಾಡಿದ ನಕಲಿಗಳು ಪೇಟೆ ತುಂಬಿದವು.

ಅತೀಂದ್ರಿಯ ಶಕ್ತಿಯ ವ್ಯಾಪಾರ ನಮ್ಮಲ್ಲಿ ‘ರೈಸ್ ಪುಲ್ಲರ್’ ಹೆಸರಿನಲ್ಲಿ ನಡೆಯುತ್ತದೆ. ಸಿಡಿಲು ಬಡಿದ ತಾಮ್ರದ ಪಾತ್ರೆ, ಇರಿಡಿಯಂ ಸೇರಿದ ಲೋಹ, ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ, ನಾಸಾ, ಇಸ್ರೊ ಕೋಟಿ ಕೋಟಿ ಕೊಟ್ಟು ಕೊಳ್ಳುತ್ತವೆ ಎಂಬ ಮಾತು. ಒಳಗೆ ಅಡಗಿಸಿದ ಅಯಸ್ಕಾಂತ, ಕಬ್ಬಿಣದ ಚೂರು ತುಂಬಿದ ಅಕ್ಕಿ, ಇಷ್ಟೇ ಅದರ ಗುಟ್ಟು. ಮೊದಲು ‘ಪರೀಕ್ಷೆಯ ಖರ್ಚು’, ಆಮೇಲೆ ‘ವಿಜ್ಞಾನಿಯ ಫೀ’, ಆಮೇಲೆ ‘ವಿಕಿರಣ ತಡೆಯುವ ಉಡುಪು’ ಎಂದು ಹಣ ಕೀಳುತ್ತಾ ಹೋಗುತ್ತಾರೆ. 2018ರಲ್ಲಿ ದಿಲ್ಲಿ ಪೊಲೀಸರು ಹಿಡಿದ ತಂದೆ-ಮಗ ಒಬ್ಬ ವ್ಯಾಪಾರಿಯಿಂದ ಹೀಗೆ ಕಿತ್ತದ್ದು 1.43 ಕೋಟಿ ರೂಪಾಯಿ. ಬೆಂಗಳೂರಿನಲ್ಲೂ ಇಂಥ ಜಾಲಗಳು ಸಿಕ್ಕಿಬಿದ್ದಿವೆ. ಭತ್ತದ ಕಣಜವೆನಿಸಿದ ಗಂಗಾವತಿಯ ರೈತನಿಗೆ ಅಕ್ಕಿ ಎಂದರೇನೆಂದು ಗೊತ್ತು. ಆದರೂ ಸಾಲ ತಲೆಯ ಮೇಲಿರುವಾಗ ಒಂದು ಲೋಹದ ತುಂಡಿನಲ್ಲಿ ಕೋಟಿ ಇದೆ ಎಂದರೆ ಮನಸ್ಸು ಅತ್ತ ಹೊರಳುತ್ತದೆ. ಈ ದುಃಖದ ಮೇಲೆಯೇ ಮೋಸಗಾರ ಬದುಕುವುದು. ಹರಾಜಿನ ಕೋಟಿಗಳ ಸುದ್ದಿಯನ್ನು ಬಿಡಿಬಿಡಿಯಾಗಿ, ಹಿಂದುಮುಂದಿಲ್ಲದೆ ಪ್ರಕಟಿಸುವ ಪತ್ರಿಕೆಗಳಿಗೂ ಇದರಲ್ಲಿ ಹೊಣೆಯಿದೆ. 2020ರ ಆಗಸ್ಟಿನಲ್ಲಿ ಇಂಡೋನೇಷ್ಯದ ಕೋಲಾಂಗ್ ಎಂಬಲ್ಲಿ ಶವಪೆಟ್ಟಿಗೆ ಮಾಡುವ ಬಡಗಿಯ ಮನೆಯ ಚಾವಣಿ ತೂರಿ ಎರಡು ಕಿಲೋದ ಉಲ್ಕೆ ಬಿತ್ತು. ಅವನು 18 ಲಕ್ಷ ಡಾಲರಿನ ಒಡೆಯನಾದ ಎಂದು ಜಗತ್ತೆಲ್ಲ ಬರೆಯಿತು. ಅವನಿಗೆ ಸಂದದ್ದು ಸುಮಾರು 14,000 ಡಾಲರ್.

ವ್ಯಾಪಾರದ ಪರವಾಗಿ ಹೇಳಬಹುದಾದದ್ದೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಸಹಾರಾದ ಅಲೆಮಾರಿಗಳು, ಮೊರಾಕ್ಕೊದ ವ್ಯಾಪಾರಿಗಳು ಇಲ್ಲದಿದ್ದರೆ ಮಂಗಳದ, ಚಂದ್ರನ ಎಷ್ಟೋ ಕಲ್ಲುಗಳು ಮರಳಿನಲ್ಲೇ ಉಳಿಯುತ್ತಿದ್ದವು. ‘ಬ್ಲ್ಯಾಕ್ ಬ್ಯೂಟಿ’ ಎಂದು ಹೆಸರಾದ ಮಂಗಳದ ಕಲ್ಲು ಬಂದದ್ದು ಆ ದಾರಿಯಲ್ಲೇ. ಅದರೊಳಗಿನ ಜಿರ್ಕಾನ್ ಹರಳುಗಳ ವಯಸ್ಸು 440 ಕೋಟಿ ವರ್ಷದ ಆಸುಪಾಸು. ಆದರೆ ಅದೇ ಕಲ್ಲು ವ್ಯಾಪಾರದ ಹಾನಿಯನ್ನೂ ತೋರಿಸುತ್ತದೆ. ಮಂಗಳಕ್ಕೆ ಒಂದು ಕಾಲದಲ್ಲಿ ಕಾಂತಕ್ಷೇತ್ರವಿತ್ತು. ಅದರ ದಾಖಲೆ ಕಲ್ಲಿನೊಳಗೆ ಉಳಿದಿರಬೇಕಿತ್ತು. 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು, ಕೈಯಿಂದ ಕೈಗೆ ಹೋಗುವಾಗ ‘ಇದು ಉಲ್ಕೆಯೇ’ ಎಂದು ನೋಡಲು ತಾಗಿಸಿದ ಬಲವಾದ ಅಯಸ್ಕಾಂತಗಳು ಆ ದಾಖಲೆಯನ್ನು ಅಳಿಸಿಬಿಟ್ಟಿವೆ ಎಂದು. ಕೋಟ್ಯಂತರ ವರ್ಷ ಉಳಿದ ಬರಹ ಒಂದು ಕ್ಷಣದ ಪರೀಕ್ಷೆಗೆ ಹೋಯಿತು.

ಹಾಗಾದರೆ ಕಾನೂನು ಏನನ್ನಬೇಕು? ಅಮೆರಿಕದ ಒರೆಗಾನ್‌ನಲ್ಲಿ 15 ಟನ್ನಿನ ಕಬ್ಬಿಣದ ಉಲ್ಕೆಯೊಂದನ್ನು ಪಕ್ಕದ ಕಂಪನಿಯ ಜಮೀನಿನಿಂದ ತನ್ನ ಹೊಲಕ್ಕೆ ತಿಂಗಳುಗಟ್ಟಲೆ ಎಳೆದು ತಂದವನು 1905ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತ. ಬಿದ್ದ ನೆಲ ಯಾರದೊ ಕಲ್ಲು ಅವರದು ಎಂಬುದು ತೀರ್ಪು. ಆ ಕಲ್ಲನ್ನು ಪೂಜಿಸುತ್ತಿದ್ದ ಮೂಲನಿವಾಸಿಗಳ ಮಾತನ್ನು ಆಗ ಯಾರೂ ಎತ್ತಿಹಿಡಿಯಲಿಲ್ಲ. ಕಲ್ಲನ್ನು ಇಟ್ಟುಕೊಂಡಿರುವ ನ್ಯೂಯಾರ್ಕಿನ ಸಂಗ್ರಹಾಲಯ 2000ದಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. ಅಪರೂಪದ ಉಲ್ಕೆ, ಪಳೆಯುಳಿಕೆ ಸಿಕ್ಕರೆ ಸರ್ಕಾರಕ್ಕೆ ಒಪ್ಪಿಸಬೇಕು, ಒಪ್ಪಿಸಿದವನಿಗೆ ಸರ್ಕಾರ ಬಹುಮಾನ ಕೊಡಬೇಕು. 1990ರಿಂದ ಈ ನಿಯಮ ಅಲ್ಲಿದೆ. ನನಗೆ ಒಪ್ಪಿಗೆಯಾಗುವುದು ಇದು. ಕಲ್ಲು ಸಾರ್ವಜನಿಕರದು, ಕಂಡವನ ಕಣ್ಣಿಗೂ ಪ್ರಾಮಾಣಿಕತೆಗೂ ಬೆಲೆಯಿದೆ ಎಂದು ಎರಡನ್ನೂ ಅದು ಒಪ್ಪುತ್ತದೆ.

ನಮ್ಮ ದೇಶದಲ್ಲಿ ಬಿದ್ದ ಉಲ್ಕೆಗಳ ಪಾಲಕ ಸಂಸ್ಥೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ. ಅದರ ಸಂಗ್ರಹ ಕೋಲ್ಕತ್ತದಲ್ಲಿದೆ. ವ್ಯವಸ್ಥೆ ಇದೆ, ಹಳ್ಳಿಯವರೆಗೆ ಅದು ಬಂದಿಲ್ಲ. ಹೊಲದಲ್ಲಿ ಕಲ್ಲು ಸಿಕ್ಕ ರೈತನಿಗೆ ಯಾರಿಗೆ ಹೇಳಬೇಕು ಎಂಬುದು ತಿಳಿಯದು, ಹೇಳಿದರೆ ತನಗೇನು ಎಂಬುದಂತೂ ಇನ್ನೂ ತಿಳಿಯದು. ಬರಿಗೈಯಲ್ಲಿ ಕಳಿಸುವ ಸರ್ಕಾರಕ್ಕಿಂತ ಹತ್ತು ಸಾವಿರ ಎಣಿಸಿ ಕೊಡುವ ದಲ್ಲಾಳಿ ಅವನಿಗೆ ಹತ್ತಿರವಾದರೆ ಅವನನ್ನು ದೂರುವುದು ಸರಿಯಲ್ಲ.

ಸಮಯಕ್ಕೆ ಸರಿಯಾಗಿ ಒಪ್ಪಿಸಿದಾಗ ಎಂಥ ಫಲ ಸಿಗುತ್ತದೆಂದು ನಾವು ಕಂಡಿದ್ದೇವೆ. 2017ರ ಜೂನ್ 6ರಂದು ಜೈಪುರದ ಬಳಿ ಮುಕುಂದಪುರದ ಹೊಲದಲ್ಲಿ ಬಿದ್ದ ಕಲ್ಲು ಇಂಗಾಲಯುಕ್ತ ಅಪರೂಪದ ಜಾತಿಯದು. ನೀರು ತಗುಲಿದರೆ ಬೇಗ ಕೆಡುವಂಥದು. ತಡವಿಲ್ಲದೆ ಅದು ವಿಜ್ಞಾನಿಗಳ ಕೈ ಸೇರಿತು. 2022ರ ಆಗಸ್ಟ್ 17ರಂದು ಗುಜರಾತಿನ ಬನಾಸಕಾಂಠಾದ ಹಳ್ಳಿಗಳಲ್ಲಿ ಬಿದ್ದ ದಿಯೋದರ್ ಉಲ್ಕೆಯ ಚೂರುಗಳನ್ನು ಊರವರೇ ಎತ್ತಿಟ್ಟು ಕೊಟ್ಟರು. ಆಬ್ರೈಟ್ ಎಂಬ ಆ ಜಾತಿ ಭಾರತದಲ್ಲಿ ಅದಕ್ಕೆ ಮೊದಲು ಬಿದ್ದದ್ದು 1852ರಲ್ಲಿ, ಬಸ್ತಿಯಲ್ಲಿ. ನಮ್ಮ ಕರ್ನಾಟಕದಲ್ಲೂ 1865ರ ಸೆಪ್ಟೆಂಬರ್ 21ರಂದು ಮದ್ದೂರು ಸೀಮೆಯಲ್ಲಿ, 1866ರ ಏಪ್ರಿಲಿನಲ್ಲಿ ಉಡುಪಿಯಲ್ಲಿ ಉಲ್ಕೆಗಳು ಬಿದ್ದಿವೆ. ಬಿದ್ದ ಊರಿನ ಹೆಸರೇ ಕಲ್ಲಿಗೆ ಇಡುವುದು ಜಗತ್ತಿನ ರೂಢಿ. ಆದ್ದರಿಂದ ಮದ್ದೂರು, ಉಡುಪಿ ಎರಡೂ ಇಂದಿಗೂ ಉಲ್ಕೆಗಳ ಪಟ್ಟಿಯಲ್ಲಿವೆ. ಮೂಟೆಯಲ್ಲಿ ಗಡಿ ದಾಟಿದ ಕಲ್ಲಿಗೆ ಬಹುಪಾಲು ಸಿಗುವುದು ‘ವಾಯವ್ಯ ಆಫ್ರಿಕಾ’ ಎಂಬ ಹೆಸರು, ಮುಂದೊಂದು ಸಂಖ್ಯೆ. ನ್ಯೂಯಾರ್ಕಿನಲ್ಲಿ 45 ಕೋಟಿಗೆ ಹೋದ ಕಲ್ಲಿನ ಹೆಸರೂ ಅಷ್ಟೇ: ವಾಯವ್ಯ ಆಫ್ರಿಕಾ 16788.

ಸರ್ಕಾರ ಮಾಡಬೇಕಾದ್ದು ಕಷ್ಟದ್ದಲ್ಲ. ಒಪ್ಪಿಸಿದವನಿಗೆ ಎಷ್ಟು ಗೌರವಧನ ಎಂದು ನಿಗದಿಮಾಡಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ಕಲ್ಲಿನ ಒಂದು ತುಂಡು, ಕಂಡವರ ಹೆಸರಿನೊಂದಿಗೆ, ಜಿಲ್ಲೆಯಲ್ಲೇ ಜನ ನೋಡುವ ಜಾಗದಲ್ಲಿ ಇರಲಿ. ಶಾಲಾ ಮಕ್ಕಳಿಗೆ ಕಿಟ್ಟ, ಕರಿಕಲ್ಲು, ಬೂದಿಗುಡ್ಡದ ಗಟ್ಟಿ, ಉಲ್ಕೆ ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ತೋರಿಸಲಿ; ರೈಸ್ ಪುಲ್ಲರ್‌ನವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಓದುವ ನಿಮ್ಮಲ್ಲಿ ಒಂದು ವಿನಂತಿ. ಆಕಾಶದಲ್ಲಿ ಬೆಂಕಿಯ ಗೆರೆ ಕಂಡು, ಗುಡುಗಿನ ಸದ್ದು ಕೇಳಿ, ಆಮೇಲೆ ಹೊಲದಲ್ಲಿ ಕಪ್ಪು ಸಿಪ್ಪೆಯ ಕಲ್ಲು ಸಿಕ್ಕರೆ ಮೊದಲು ಬಿದ್ದ ಜಾಗದಲ್ಲೇ ಫೋಟೊ ತೆಗೆಯಿರಿ. ತೊಳೆಯಬೇಡಿ, ಅಯಸ್ಕಾಂತ ತಾಗಿಸಬೇಡಿ, ಸುತ್ತಿಗೆಯಿಂದ ಒಡೆಯಬೇಡಿ, ಅರಿಸಿನ ಕುಂಕುಮ ಹಚ್ಚುವುದಿದ್ದರೂ ತಡೆಯಿರಿ. ಒಣಗಿದ ಶುಚಿಯಾದ ಚೀಲದಲ್ಲಿಟ್ಟು ಊರು, ಸರ್ವೆ ನಂಬರು, ದಿನ, ಹೊತ್ತು ಬರೆದು ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಯಾರಾದರೂ ಬಂದು ಪರೀಕ್ಷೆಗೆ ಮುಂಗಡ ಹಣ ಕೇಳಿದರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ.