‘ಆದರೂ’ ಎಂಬ ಮಾತು ಇನ್ನು ಸಾಕು

ನಮ್ಮ ಗೆಳೆಯ ತೀರಿಕೊಂಡು ಈ ತಿಂಗಳಿಗೆ ಒಂದು ವರ್ಷ. ಕೆರೆಬಿಳಚಿಯ ಅವನ ಮನೆಯಲ್ಲಿ ಬರ್ಸಿಯ ಫಾತಿಹಾ ಮುಗಿಯಿತು. ಸಂಜೆ ಊರಿನವರು ನೆನಪಿನ ಸಭೆ ನಡೆಸಿದರು. ಹಿಂದೂ ಹಿರಿಯರೊಬ್ಬರು ತುಂಬು ಪ್ರೀತಿಯಿಂದಲೇ ಹೇಳಿದರು: “ಅವರು ಮುಸ್ಲಿಮರು. ಆದರೂ ಎಂಥ ಕನ್ನಡ ಬರೀತಿದ್ರು!” ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಆದರೆ ಆ ‘ಆದರೂ’ ರಾತ್ರಿಯಿಡೀ ನಮ್ಮನ್ನು ನಿದ್ದೆ ಮಾಡಗೊಡಲಿಲ್ಲ.

ಅವನು ಸಾಹಿತಿಯಲ್ಲ. ಚನ್ನಗಿರಿಯಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವನು. ರೇಷನ್ ಕಾರ್ಡು, ವಿಧವಾ ವೇತನ, ಪಹಣಿ ತಿದ್ದುಪಡಿ, ಪೌತಿ ಖಾತೆ. ಸೂಳೆಕೆರೆ ಅಚ್ಚುಕಟ್ಟಿನ ರೈತರು “ಸಾಬ್ರೇ, ಒಂದು ಅರ್ಜಿ ಬರಕೊಡ್ರಿ” ಎಂದು ಬರುತ್ತಿದ್ದರು. ಬರೆದದ್ದನ್ನು ಅವರಿಗೇ ಓದಿ ಹೇಳುತ್ತಿದ್ದ. ಅವರಿಗೆ ತಿಳಿಯದ ಪದವಿದ್ದರೆ ಹೊಡೆದುಹಾಕುತ್ತಿದ್ದ. ನಮ್ಮ ಕತೆಗಳ ಮೊದಲ ಓದುಗನೂ ಅವನೇ. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದ: “ಇದು ನಮ್ಮ ಖಾಲಾಗೆ ತಿಳೀತದಾ?”

ಇಂಥವನ ಕನ್ನಡಕ್ಕೂ ಅವನ ಧರ್ಮಕ್ಕೂ ನಡುವೆ ‘ಆದರೂ’ ಎಲ್ಲಿಂದ ಬಂತು? ಮನೆಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ. ಎರಡೂ ಅವನವೇ ಆಗಿದ್ದವು. ಯಾವುದನ್ನೂ ಅವನು ಯಾರಿಂದಲೂ ಸಾಲ ತಂದಿರಲಿಲ್ಲ.

ಈ ಮಾತು ನಮ್ಮ ಊರಿಗಷ್ಟೇ ಸೇರಿದ್ದಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರನ್ನು ನೋಡಿ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದ ಅವರ ಹಾಡು ಮನೆಮನೆ ಸೇರಿತು. 2006ರಲ್ಲಿ ಶಿವಮೊಗ್ಗದ 73ನೇ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1997ರವರೆಗೆ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದುದರಿಂದ ಅದು ನಮ್ಮದೇ ಸಮ್ಮೇಳನವೆನಿಸಿತ್ತು; ನಾನು ಮತ್ತು ಗೆಳೆಯ ಎಂದು ನಾವಿಬ್ಬರೂ ಬಸ್ಸು ಹತ್ತಿ ಹೋಗಿದ್ದೆವು. ಅವರು ತೀರಿಕೊಂಡದ್ದು 2020ರ ಮೇ 3ರಂದು. ಆಗಲೂ, ಆಮೇಲೂ ನಾವು ಮತ್ತೆ ಮತ್ತೆ ಕೇಳಿದ್ದು ಅದೇ ಮಾತು: ‘ಮುಸ್ಲಿಮರಾದರೂ ನಾಡಿನ ಕವಿ.’ ಕುರಿಗಳ ಕವಿತೆಯಲ್ಲಿ ಇಡೀ ಸಮಾಜವನ್ನು ಚುಚ್ಚಿದ ಕವಿಯನ್ನು ಒಂದು ಒಳ್ಳೆಯ ನಡತೆಯ ಪ್ರಮಾಣಪತ್ರಕ್ಕೆ ಇಳಿಸಿದ್ದೇವೆ.

ಪ್ರೀತಿಯಿಂದ ಆಡಿದ ಮಾತಿಗೆ ಇಷ್ಟು ತಕರಾರೇಕೆ ಎಂದು ಕೇಳುವವರಿದ್ದಾರೆ. ಸತ್ತವನಿಗೆ ಕೊಟ್ಟ ಪ್ರಮಾಣಪತ್ರ ಬದುಕಿರುವವರ ಪರೀಕ್ಷೆಯಾಗುತ್ತದೆ ಎಂಬುದೇ ಅದಕ್ಕೆ ಉತ್ತರ. 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದವರು ನಿಸಾರ್ ಅಹಮದ್. 2025ರಲ್ಲಿ ಬಾನು ಮುಷ್ತಾಕ್ ಅವರ ಹೆಸರು ಬಂದಾಗ ವಿರೋಧ ಎದ್ದಿತು. ಅದೇ ವರ್ಷ ಕನ್ನಡದ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ತಂದವರು ಅವರು. ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ ವಜಾ ಆಯಿತು; ಉದ್ಘಾಟನೆ ನಡೆಯಿತು. ಆದರೆ ನಿಸಾರರಿಗೆ ಕೊಟ್ಟ ಪ್ರಮಾಣಪತ್ರ ಬಾನು ಅವರ ಕಾಲಕ್ಕೆ ನಡೆಯಲಿಲ್ಲ. ‘ಆದರೂ’ ಎಂದು ಒಬ್ಬನನ್ನು ಒಳಗೆ ಬಿಟ್ಟುಕೊಂಡ ಬಾಗಿಲು ಮುಂದಿನವರಿಗೆ ಮುಚ್ಚಿಯೇ ಇರುತ್ತದೆ.

ನಮ್ಮ ಸಮುದಾಯವೂ ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಇನ್ನೊಂದು ‘ಆದರೂ’ ಇದೆ. “ಸದಾ ಕನ್ನಡ ಬರೀತಾ ಕೂತಿರ್ತಿದ್ದ, ಆದರೂ ನಮಾಜು ಬಿಟ್ಟವನಲ್ಲ” ಎಂದು ಅದೇ ದಿನ ಬೆಳಗ್ಗೆ ಫಾತಿಹಾಕ್ಕೆ ಬಂದವರೊಬ್ಬರು ಗೆಳೆಯನನ್ನು ಹೊಗಳಿದ್ದರು. ಒಂದೇ ದಿನ ಅವನನ್ನು ಎರಡು ಕಡೆಯವರು ಎರಡು ತಪ್ಪುಗಳಿಗೆ ಕ್ಷಮಿಸಿದರು. ಅವನು ಮಾಡಿದ ತಪ್ಪಾದರೂ ಏನು?

ಚಪ್ಪಾಳೆ ತಟ್ಟಿದ ನಮ್ಮ ಕೈಯೂ ಇದರಲ್ಲಿ ಇದೆ. ಎದ್ದು ನಿಂತು “ಯಜಮಾನ್ರೇ, ಆ ಒಂದು ಪದ ಬಿಟ್ಟು ಹೇಳಿ” ಎನ್ನಬಹುದಿತ್ತು. ತಿಳಿಯದ ಪದವನ್ನು ಅವನು ಹೊಡೆದುಹಾಕುತ್ತಿದ್ದಂತೆ, ನೋಯಿಸುವ ಪದವನ್ನು ನಾವು ಹೊಡೆದುಹಾಕಬೇಕಿತ್ತು. ಸಭೆಯ ಮರ್ಯಾದೆ ಎಂದು ಸುಮ್ಮನೆ ಕೂತೆವು.

ಬರುವ ವರ್ಷದ ಬರ್ಸಿಗೆ ಹಾರ, ಶಾಲು, ಭಾಷಣ ಯಾವುದೂ ಬೇಡ. ಊರಿನ ನಾಲ್ಕು ಹುಡುಗರು, ಹುಡುಗಿಯರು, ಯಾವ ಜಾತಿಯವರೇ ಆಗಲಿ, ಒಂದು ದಿನ ಕೂತು ಬಂದವರಿಗೆಲ್ಲ ಅರ್ಜಿ ಬರೆದುಕೊಡಲಿ. ಬರೆದದ್ದನ್ನು ಓದಿ ಹೇಳಲಿ. ಅವನನ್ನು ನೆನೆಯುವ ಮಾತು ಇಷ್ಟೇ ಸಾಕು: ಇಲ್ಲೊಬ್ಬ ಕನ್ನಡಿಗನಿದ್ದ, ಅವನು ಬರೆದದ್ದು ಎಲ್ಲರಿಗೂ ತಿಳಿಯುತ್ತಿತ್ತು.